ಹುಲುಗಪ್ಪ ಮಾಮಾ ಕಟ್ಟಿದ ಗಂಟು

ಆ ಹಗ್ಗ ಬಿಚ್ಚಿದವನು ನಾನು.

ಏಳು ವರ್ಷ ಈ ಒಂದು ಮಾತನ್ನು ಯಾರ ಎದುರೂ ಆಡಲಿಲ್ಲ. ಹೆಂಡತಿಯ ಎದುರು ಆಡಲಿಲ್ಲ, ಪೊಲೀಸರ ಎದುರು ಆಡಲಿಲ್ಲ. ನನಗೆ ನಾನೇ ಹೇಳಿಕೊಳ್ಳುವಾಗಲೂ — ಹಗ್ಗ ಸಡಿಲಾಗಿತ್ತು, ಹಗ್ಗ ಹೇಗೋ ಬಿಚ್ಚಿಕೊಂಡಿತು — ಎಂದು ತಪ್ಪನ್ನು ಹಗ್ಗದ ಮೇಲೆಯೇ ಹಾಕಿ ಹೇಳಿಕೊಳ್ಳುತ್ತಿದ್ದೆ. ಹಗ್ಗ ತಾನಾಗಿ ಬಿಚ್ಚಿಕೊಳ್ಳಲಿಲ್ಲ. ಅದನ್ನು ಕಟ್ಟಿದವರು ನನ್ನ ಅಕ್ಕನ ಗಂಡ, ಆನೆಗೊಂದಿಯ ಹುಲುಗಪ್ಪ ಮಾಮಾ. ಬಿಚ್ಚಿದವನು ನಾನು. ಆಮೇಲೆ ಆ ಗಂಟಿನ ಅಪವಾದ ಹೊತ್ತು ಏಳು ವರ್ಷ ತಲೆ ತಗ್ಗಿಸಿ ನಡೆದವರು ಅವರು.

ನಾನು ಯಲಬುರ್ಗಾದ ಒಂದು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಮನೆ ಕೊಪ್ಪಳದಲ್ಲಿ. ಹುಟ್ಟಿದ್ದು ಕುಷ್ಟಗಿ ಕಡೆಯ ಒಂದು ಊರಿನಲ್ಲಿ, ಅಲ್ಲಿ ಮೊಣಕಾಲು ಮುಳುಗುವಷ್ಟು ನೀರು ನಿಂತ ಕೆರೆಯನ್ನು ನಾನು ಕಂಡದ್ದು ಅಪರೂಪ. ನನಗೆ ಈಜು ಬಾರದು. ಬಹುಶಃ ಅದಕ್ಕೇ — ಮಗಳು ಭೂಮಿ ಹೆದರದೆ ನೀರಿನ ಮೇಲೆ ಹೋಗುವುದನ್ನು ನೋಡಿದಾಗ ನನ್ನ ಎದೆ ಉಬ್ಬುತ್ತಿತ್ತು. ಅವಳಿಗೆ ಈಜು ಕಲಿಸಿದ್ದು ಹುಲುಗಪ್ಪ ಮಾಮಾ. ಸೂಟಿಯಲ್ಲಿ ಅಕ್ಕನ ಮನೆಗೆ ಹೋದಾಗಲೆಲ್ಲ ಅವಳನ್ನು ಹೊಳೆಗೆ, ಕೆರೆಗೆ ಕರೆದುಕೊಂಡು ಹೋಗುತ್ತಿದ್ದರು. ಮಾಮಾ ಹುಡುಗರಾಗಿದ್ದಾಗಿನಿಂದ ತುಂಗಭದ್ರೆಯಲ್ಲಿ ಹರಿಗೋಲು ಹಾಕಿದವರು. ಹರಿಗೋಲು ಹೆಣೆಯುವುದರಲ್ಲಿ, ಹಗ್ಗ ಬಿಗಿಯುವುದರಲ್ಲಿ ಆ ದಂಡೆಯ ಮೇಲೆ ಅವರನ್ನು ಮೀರಿಸುವವರಿರಲಿಲ್ಲ. ಹುಲ್ಲಿನ ಬಣವೆ ಹೊತ್ತ ಟ್ರ್ಯಾಕ್ಟರ್ ಇರಲಿ, ಮದುವೆಯ ಹಂದರ ಇರಲಿ, ಕಟ್ಟುವ ಕೆಲಸ ಅಂದರೆ ಜನ ಮೊದಲು ಅವರ ಮನೆಗೆ ಬರುತ್ತಿದ್ದರು.

ಅವರ ಊರಿನ ಹತ್ತಿರದ ಒಂದು ರೆಸಾರ್ಟ್ ಮುಚ್ಚಿದಾಗ ಅಲ್ಲಿನ ಸಾಮಾನು ಮಾರಾಟಕ್ಕೆ ಬಂತು. ಅದರಲ್ಲಿ ಕಿತ್ತಳೆ ಬಣ್ಣದ ಒಂದು ಕಯಾಕ್ ಇತ್ತು — ಒಬ್ಬರೇ ಕುಳಿತು ಹುಟ್ಟು ಹಾಕುವ ಉದ್ದನೆಯ ಪ್ಲಾಸ್ಟಿಕ್ ದೋಣಿ. ಭೂಮಿಗಾಗಿ ಕೊಂಡೆ. ಮಾಮಾ ಅದನ್ನು ತಮ್ಮ ಹಿತ್ತಲಲ್ಲಿ ಇಟ್ಟುಕೊಂಡರು. "ಇದೇನು ಬಸವರಾಜ, ಹರಗೋಲು ಗುಂಡಗ ಇರಬೇಕು, ಇದು ಬದನಿಕಾಯಿ ಆಗೇತಿ," ಎಂದು ನಕ್ಕಿದ್ದರು. ಹದಿಮೂರು ವರ್ಷದ ಭೂಮಿ ಒಂದೇ ಬೇಸಿಗೆಯಲ್ಲಿ ಅದರಲ್ಲಿ ಕುಳಿತು ಕೆರೆಯನ್ನು ಆ ದಂಡೆಯಿಂದ ಈ ದಂಡೆಗೆ ದಾಟತೊಡಗಿದಳು.

ನಾನು ಸುಮ್ಮನಿರಬೇಕಿತ್ತು. ಸ್ಟಾಫ್ ರೂಮಿನಲ್ಲಿ ಕೊಚ್ಚಿಕೊಂಡೆ. ಬರುವ ಭಾನುವಾರ ಡ್ಯಾಮಿನ ಹಿನ್ನೀರಿಗೆ ಎಲ್ಲರೂ ಬರ್ರಿ, ನನ್ನ ಮಗಳು ಏನು ಮಾಡ್ತಾಳ ನೋಡ್ರಿ, ಎಂದು ಕರೆದೆ. ಐದಾರು ಜನ ಮಾಸ್ತರರು ಹೆಂಡಿರು ಮಕ್ಕಳೊಂದಿಗೆ ಬರುತ್ತೇವೆಂದರು. ಹಾಗಾಗಿ ಶನಿವಾರವೇ ಕಯಾಕನ್ನು ಆನೆಗೊಂದಿಯಿಂದ ಕೊಪ್ಪಳಕ್ಕೆ ತರಬೇಕಾಯಿತು. ಕಾರಿನ ಮಾಡಿನ ಮೇಲೆ.

ಅದಕ್ಕೆ ಕ್ಯಾರಿಯರ್ ಬೇಕು. ಇಲ್ಲಿ ನಾನು ತಿಳಿಯದೆ ಮಾಡಿದೆ ಎನ್ನುವ ಹಾಗಿಲ್ಲ. ಆ ವಾರವಿಡೀ ಫೋನಿನಲ್ಲಿ ಅದನ್ನೇ ನೋಡಿದ್ದೆ. ಎಂಥ ಕಾರಿಗೆ ಎಂಥ ಕ್ಯಾರಿಯರ್, ಅಡ್ಡಪಟ್ಟಿಗಳ ನಡುವೆ ಎಷ್ಟು ಅಂತರ ಇರಬೇಕು, ಬೆಲ್ಟು ಹೇಗೆ ಹಾಕಬೇಕು — ಎಲ್ಲ ನೋಡಿದ್ದೆ. ನಮ್ಮದು ಸಣ್ಣ ಕಾರು, ಮಾಡಿನ ಮೇಲೆ ಉದ್ದಕ್ಕೆ ಹಿಡಿಕೆಯ ಕಂಬಿ ಇಲ್ಲದ್ದು. ಕಯಾಕು ಹನ್ನೊಂದು ಅಡಿ. ಟೇಪು ಹಿಡಿದು ಅಳೆದು ಹಾಳೆಯ ಮೇಲೆ ಚಿತ್ರವನ್ನೂ ಬರೆದಿದ್ದೆ. ಗಣಿತದ ಮಾಸ್ತರ ಅಲ್ಲವೇ.

ಗಂಗಾವತಿಯಲ್ಲಿ ಕಾರಿನ ಸಾಮಾನು ಮಾರುವ ಖಾಜಾಸಾಬರ ಅಂಗಡಿಗೆ ಹೋದೆ. ಅವರು ಕಾರಿನ ಸುತ್ತ ಒಂದು ಸಲ ಬಂದು, ಬಾಗಿಲು ತೆರೆದು ಅಂಚಿನ ಮೇಲೆ ಬೆರಳಾಡಿಸಿ ನೋಡಿದರು.

"ಸರ, ನಿಮ್ಮ ಗಾಡಿಗೆ ಮ್ಯಾಲೆ ಕಂಬಿ ಇಲ್ರಿ. ಇದಕ್ಕಂತ ಅಳತಿ ಮಾಡಿದ ಕಾಲು ಬ್ಯಾರೆ ಬರತಾವ, ಬಾಗಲದ ಅಂಚಿಗೆ ಕಚ್ಚಿ ಕುಂದ್ರತಾವ. ಆರ್ಡರ್ ಹಾಕಿದ್ರ ಹತ್ತು ದಿನ ಹಿಡೀತೈತಿ."

"ನನಗ ಇವತ್ತ ಬೇಕ್ರಿ."

"ಇವತ್ತ ಅಂದ್ರ..." ಅವರು ಮೂಲೆಯಲ್ಲಿದ್ದ ಒಂದು ಕ್ಯಾರಿಯರ್ ತೋರಿಸಿದರು. ಕಬ್ಬಿಣದ ಚೌಕಟ್ಟು, ಕೆಳಗೆ ನಾಲ್ಕು ರಬ್ಬರ್ ಕಾಲು, ಬಾಗಿಲ ಸಂದಿಗೆ ಸಿಕ್ಕಿಸುವ ನಾಲ್ಕು ಕೊಂಡಿ. "ಇದು ಯಾವ ಗಾಡಿಗಾದ್ರೂ ಬರತೈತಿ. ಆದ್ರ ಇದು ಚೀಲ, ಹಾಸಿಗಿ ಇಡಾಕ ಐತ್ರಿ. ಬೋಟ್ ಇಡಾಕಲ್ಲ. ಉದ್ದನ ಸಾಮಾನಿಗೆ ಗಾಳಿ ಹೊಡದ್ರ ಮುಂದಿಂದ ಎತ್ತತೈತಿ."

"ನಾ ನಿಧಾನಕ್ಕ ಹೋಗ್ತೀನಿ ಬಿಡ್ರಿ."

"ನೀವು ನಿಧಾನ ಹೋಗ್ತೀರಿ ಸರ. ಎದುರಿಗೆ ಬರೋ ಲಾರಿ ನಿಧಾನ ಬರ್ತಾವೇನ್ರಿ?"

ನನಗೆ ಸಿಟ್ಟು ಬಂತು. ಒಬ್ಬ ಅಂಗಡಿಯವನು ನನಗೆ ಹೇಳಿಕೊಡುವುದೇ ಎಂಬ ಸಿಟ್ಟು. ಹತ್ತು ದಿನ ಕಾಯುವುದೆಂದರೆ ಮಾಸ್ತರರಿಗೆಲ್ಲ ಫೋನು ಮಾಡಿ ಬರಬೇಡಿ ಎನ್ನಬೇಕಿತ್ತು, ಅಷ್ಟೇ. ಅಷ್ಟು ಸಣ್ಣ ಅವಮಾನ. ಅದನ್ನು ತಾಳಲಾರದೆ ಮೂಲೆಯಲ್ಲಿದ್ದುದನ್ನೇ ಕೊಂಡೆ. ಖಾಜಾಸಾಬರು ಅದನ್ನು ಕೂರಿಸಿಕೊಟ್ಟು, "ಬೋಟ್ ಅಂತ ನಾ ಕೊಟ್ಟಿಲ್ಲ ಸರ, ನೆನಪಿಡ್ರಿ," ಎಂದರು.

ಆನೆಗೊಂದಿಗೆ ಹೋದೆ. ಹೆಂಡತಿ ಸುಜಾತಾ, ಭೂಮಿ ಎರಡು ದಿನ ಮೊದಲೇ ಅಲ್ಲಿಗೆ ಹೋಗಿದ್ದರು. ಮಾಮಾ ಕ್ಯಾರಿಯರನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದರು. ಅದು ಅಲುಗಿತು.

"ಬಸವರಾಜ, ಇದು ಅಳ್ಳಾಡತೈತಲ್ಲೋ."

"ಅಂಗಡಿಯಾವ ಗ್ಯಾರಂಟಿ ಕೊಟ್ಟಾನ ಮಾಮಾ. ಬೋಟಿಗಂತನ ಮಾಡಿದ್ದಂತ."

ಮೊದಲನೆಯ ಸುಳ್ಳು ಇದು. ಮಾಮಾ ನನ್ನ ಮುಖ ನೋಡಿದರು, ನಂಬಿದರು. ಓದಿದವನು, ಮಾಸ್ತರ, ವಿಚಾರಿಸಿಯೇ ತಂದಿರುತ್ತಾನೆ ಎಂದುಕೊಂಡಿರಬೇಕು. ಆದರೂ ಅವರ ಕೈಗೆ ಸಮಾಧಾನವಾಗಲಿಲ್ಲ. ಕಯಾಕನ್ನು ಬೋರಲು ಹಾಕಿ, ನಡುವೆ ಎರಡು ಬೆಲ್ಟು ಬಿಗಿದರು. ಅಷ್ಟಕ್ಕೆ ಬಿಡಲಿಲ್ಲ. ಒಳಗಿಂದ ಹಗ್ಗ ತಂದು ಕಯಾಕಿನ ಮೂತಿಯಿಂದ ಕಾರಿನ ಮುಂದೆ, ಬಂಪರಿನ ಕೆಳಗಿನ ಕೊಂಡಿಗೆ ಒಂದು ಕಟ್ಟು. ಬಾಲದಿಂದ ಹಿಂದಿನ ಕೊಂಡಿಗೆ ಒಂದು ಕಟ್ಟು.

"ನಡುವಿನ ಕ್ಯಾರಿಯರ್ ಕಿತ್ತುಬಂದ್ರೂ ಮುಂದಿನ ಹಗ್ಗ ಹಿಡೀತೈತಿ. ಕೊಪ್ಪಳ ಮುಟ್ಟೂಮಟ ಇದನ್ನ ಮುಟ್ಟಬ್ಯಾಡ್ರಿ," ಎಂದರು. ಆಮೇಲೆ ಭೂಮಿಯನ್ನು ಹತ್ತಿರ ಕರೆದು ತೋರಿಸಿದರು. "ನೋಡವ್ವ, ಈ ತುದಿ ಐತಲ್ಲ, ಇದನ್ನ ಹಿಂಗ ಜಗ್ಗಿದ್ರ ಅಷ್ಟ ಬಿಚ್ಚತೈತಿ. ಈ ತುದಿ ಬಿಟ್ಟು ಬ್ಯಾರೆ ಎಲ್ಲಿ ಎಳದ್ರೂ ಇನ್ನೂ ಬಿಗೀತೈತಿ." ನಾನೂ ನೋಡಿದೆ. ಕಲಿತೆ.

ಹೊರಟೆವು. ಕಾರು ಓಟ ಹಿಡಿದಂತೆ ಮುಂದಿನ ಹಗ್ಗ ಗಾಳಿಗೆ ಗುಂಯ್‌ಗುಡತೊಡಗಿತು. ಸಣ್ಣ ಸದ್ದಲ್ಲ, ಹಲ್ಲಿಗೆ ತಾಗುವಂಥ ಸದ್ದು. ಸುಜಾತಾ ಹಣೆ ಒತ್ತಿಕೊಂಡಳು. ಗಂಗಾವತಿಯಲ್ಲಿ ನಿಲ್ಲಿಸಿದೆ. ಅವಳು ಮತ್ತು ಭೂಮಿ ಮಿರ್ಚಿ ಮಂಡಕ್ಕಿ ತರಲು ರಸ್ತೆ ದಾಟಿ ಹೋದರು. ನಾನು ಕಾರಿನ ಹತ್ತಿರ ನಿಂತಿದ್ದೆ. ಬೈಕಿನ ಮೇಲೆ ಹೋಗುತ್ತಿದ್ದ ಇಬ್ಬರು ನಿಧಾನ ಮಾಡಿ ನೋಡಿದರು. "ಎತ್ತಿಗೆ ಮೂಗದಾಣ ಹಾಕಿದಂಗ ಹಾಕ್ಯಾರ ನೋಡಲೇ ಕಾರಿಗೆ," ಎಂದು ನಗುತ್ತ ಹೋದರು.

ಅಷ್ಟೇ ಆದದ್ದು. ಬೇರೆ ಯಾವ ಕಾರಣವೂ ಇರಲಿಲ್ಲ. ಇಷ್ಟು ವರ್ಷ ದೊಡ್ಡದೊಂದು ಕಾರಣವನ್ನು ಹುಡುಕಿದ್ದೇನೆ — ಸದ್ದಿನಿಂದ ಹೆಂಡತಿಗೆ ತಲೆನೋವಾಗುತ್ತಿತ್ತು, ಹಗ್ಗ ಕಣ್ಣಿಗೆ ಅಡ್ಡ ಬರುತ್ತಿತ್ತು. ಇಲ್ಲ. ಇಬ್ಬರು ಗುರುತಿಲ್ಲದವರು ನಕ್ಕರು, ನನಗೆ ನಾಚಿಕೆಯಾಯಿತು. ಬಾಗಿದೆ, ತುದಿ ಹಿಡಿದು ಜಗ್ಗಿದೆ. ಬಂತು. ಹಗ್ಗವನ್ನು ಸುತ್ತಿ ಬೆಲ್ಟಿನ ಕೆಳಗೆ ತುರುಕಿದೆ. ಒಂದು ನಿಮಿಷವೂ ಹಿಡಿಯಲಿಲ್ಲ.

ಊರು ದಾಟಿದ ಮೇಲೆ ಸುಜಾತಾ, "ಸಪ್ಪಳ ನಿಂತಿತಲ್ರೀ," ಎಂದಳು. "ಹ್ಞೂಂ," ಎಂದೆ. ಹಿಂದಿನ ಸೀಟಿನಲ್ಲಿ ಭೂಮಿ ಮಿರ್ಚಿ ತಿನ್ನುತ್ತಿದ್ದಳು.

ಹೇಮಗುಡ್ಡದ ಕ್ರಾಸ್ ದಾಟಿ ಸ್ವಲ್ಪ ದೂರ ಬಂದಿದ್ದೆವು. ಎದುರಿನಿಂದ ಒಂದು ದೊಡ್ಡ ಲಾರಿ, ಅದರ ಬೆನ್ನಿಗೇ ಇನ್ನೊಂದು. ಎರಡನೆಯದು ಪಕ್ಕದಲ್ಲಿ ಹಾದಾಗ ತಲೆಯ ಮೇಲೆ ಏನೋ ಎದ್ದು ನಿಂತಂತಾಯಿತು. ಆಮೇಲೆ ಕಬ್ಬಿಣ ಕಿತ್ತ ಸದ್ದು, ಹಿಂದಿನ ಹಗ್ಗ ಪಟ್ಟನೆ ಹರಿದ ಸದ್ದು. ಕಾರು ಒಮ್ಮೆಲೇ ಹಗುರಾಯಿತು. ಕನ್ನಡಿಯಲ್ಲಿ ನೋಡಿದೆ — ಕಿತ್ತಳೆ ಬಣ್ಣದ್ದು ಗಾಳಿಯಲ್ಲಿ ಮಗುಚುತ್ತ, ಕ್ಯಾರಿಯರನ್ನೂ ಹೊತ್ತುಕೊಂಡು — ಮತ್ತು ಅದರ ಹಿಂದೆ ಒಂದು ಬೈಕು.

ಬೈಕಿನ ಮೇಲಿದ್ದವರು ದೇವೇಂದ್ರಪ್ಪ. ಗಿಣಿಗೇರಾದ ಒಂದು ಕಾರ್ಖಾನೆಯಲ್ಲಿ ಕೆಲಸ; ಎರಡನೆಯ ಪಾಳಿಗೆ ಹೋಗುತ್ತಿದ್ದರು. ಮೂವತ್ತನಾಲ್ಕು ವರ್ಷ. ಇದೆಲ್ಲ ಆಮೇಲೆ ತಿಳಿದದ್ದು. ಆಗ ನಾನು ಕಂಡದ್ದು ರಸ್ತೆಯ ಮೇಲೆ ಚೆಲ್ಲಿದ ಬುತ್ತಿ, ರೊಟ್ಟಿ, ಪುಂಡಿಪಲ್ಯ, ಮತ್ತು ಕಣ್ಣು ತೆರೆದುಕೊಂಡೇ ಬಿದ್ದಿದ್ದ ಒಬ್ಬ ಮನುಷ್ಯ. "ನನ್ನ ಕಾಲು ಎಲ್ಲ್ಯದಾವ್ರಿ?" ಎಂದು ಕೇಳುತ್ತಿದ್ದರು. ಕಾಲುಗಳು ಅಲ್ಲೇ ಇದ್ದವು. ಅವರಿಗೆ ಗೊತ್ತಾಗುತ್ತಿರಲಿಲ್ಲ.

ಜನ ಸೇರಿದರು. ಯಾರೋ ಆಂಬುಲೆನ್ಸಿಗೆ ಫೋನು ಮಾಡಿದರು. ಒಬ್ಬ ಹಿರಿಯ ನನ್ನ ಅಂಗಿ ಹಿಡಿದು, "ಇದನ್ನ ಯಾವಾವ ಕಟ್ಟ್ಯಾನಲೇ?" ಎಂದು ಕೂಗಿದ.

ನಾನು ಹೇಳಿದೆ: "ನಾ ಅಲ್ರಿ. ನಮ್ಮ ಮಾಮಾ ಕಟ್ಟಿದ್ದು."

ಆ ಮಾತಿನಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಅದಕ್ಕೇ ಅದನ್ನು ಅಷ್ಟು ಸುಲಭವಾಗಿ ಹೇಳಿದೆ. ಪೊಲೀಸರು ಬಂದಾಗ ಮತ್ತೆ ಅದನ್ನೇ ಹೇಳಿದೆ. ಮೂರನೆಯ ಸಲ ಹೇಳುವ ಹೊತ್ತಿಗೆ ನನಗೇ ಅದು ಪೂರ್ತಿ ನಿಜವೆನಿಸಿತ್ತು.

ಆಂಬುಲೆನ್ಸು ಹೋದ ಮೇಲೆ, ಸುಜಾತಾ ಫೋನು ಮಾಡಿದ್ದರಿಂದ, ಮಾಮಾ ಯಾರದೋ ಬೈಕಿನ ಹಿಂದೆ ಕುಳಿತು ಬಂದರು. ರಸ್ತೆಯ ಬದಿಯಲ್ಲಿ ಎಳೆದು ಹಾಕಿದ್ದ ಕಯಾಕಿನ ಹತ್ತಿರ ಹೋದರು. ಅದರ ಮೂತಿಗೆ ಹಗ್ಗ ಇನ್ನೂ ಇತ್ತು. ಅದನ್ನು ಕೈಯಲ್ಲಿ ಎಳೆದುಕೊಳ್ಳುತ್ತ ತುದಿಯ ತನಕ ಬಂದರು. ತುದಿಯನ್ನು ತಿರುಗಿಸಿ ನೋಡಿದರು.

"ಹರದಿಲ್ಲ," ಎಂದರು. "ಬಿಚ್ಚೇತಿ."

ಆಮೇಲೆ ನನ್ನ ಕಡೆ ನೋಡಿದರು. ನಾನು ಹತ್ತಿರದಲ್ಲೇ ಇದ್ದೆ. ಸುಜಾತಾ, ಭೂಮಿ ದೂರದಲ್ಲಿದ್ದರು, ಪೊಲೀಸರು ಬರೆದುಕೊಳ್ಳುತ್ತಿದ್ದರು. ಅಲ್ಲಿ ನಾವಿಬ್ಬರೇ. ಹೇಳಬೇಕಾದ ಮಾತಿಗೆ ಅದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದಿರಲಿಲ್ಲ.

"ನಾ ಸರಿಯಾಗಿ ಬಿಗೀಲಿಲ್ಲೇನೋ ಬಸವರಾಜ," ಎಂದರು ಮಾಮಾ. ಕೇಳಿದರೋ, ತಮಗೆ ತಾವೇ ಅಂದುಕೊಂಡರೋ — ಉತ್ತರಕ್ಕಾಗಿ ಕಾದದ್ದಂತೂ ಹೌದು.

"ಇರಬಹುದು ಮಾಮಾ," ಎಂದೆ.

ನನ್ನ ಎಲ್ಲ ತಪ್ಪುಗಳಲ್ಲಿ ಇದು ದೊಡ್ಡದು. ಕ್ಯಾರಿಯರ್ ಕೊಂಡದ್ದು ಹಟ. ಹಗ್ಗ ಬಿಚ್ಚಿದ್ದು ನಾಚಿಕೆ. ರಸ್ತೆಯ ಮೇಲೆ ಆಡಿದ್ದು ಹೆದರಿಕೆ ಎನ್ನೋಣ. ಇದಕ್ಕೆ ಏನು ಹೆಸರು? ಒಬ್ಬ ಮನುಷ್ಯ ತನ್ನ ಕೈಯನ್ನೇ ಅನುಮಾನಿಸುತ್ತ ನಿಂತಿದ್ದ, ನಾನು ಹೌದೆಂದೆ.

ದೇವೇಂದ್ರಪ್ಪನವರ ಬೆನ್ನುಹುರಿಗೆ ಪೆಟ್ಟಾಗಿತ್ತು. ಜೀವ ಉಳಿಯಿತು, ಸೊಂಟದ ಕೆಳಗೆ ಏನೂ ಉಳಿಯಲಿಲ್ಲ. ಗಾಡಿ ನಡೆಸಿದವನೆಂದು ಕೇಸು ನನ್ನ ಮೇಲೆ ಆಯಿತು, ದಂಡ ಬಿತ್ತು, ವಿಮೆಯವರಿಂದ ಅವರಿಗೆ ಪರಿಹಾರ ಹೋಯಿತು. ಶಾಲೆಯಲ್ಲಿ ಎಲ್ಲರೂ ನನ್ನನ್ನೇ ಸಮಾಧಾನ ಮಾಡಿದರು. "ಯಾರೋ ಕಟ್ಟಿದ್ದಕ್ಕ ನೀವು ಕೋರ್ಟು ಕಾಣಬೇಕಾತಲ್ರಿ ಸರ," ಎಂದರು. ನಾನು ಆ ಸಮಾಧಾನವನ್ನೂ ಉಂಡೆ. ಹಣ್ಣು ಹಿಡಿದುಕೊಂಡು ಎರಡು ಸಲ ದೇವೇಂದ್ರಪ್ಪನವರನ್ನು ನೋಡಲು ಹೋದೆ. ಮೂರನೆಯ ಸಲಕ್ಕೆ ಪರೀಕ್ಷೆ, ಪೇಪರ್ ತಿದ್ದುವುದು, ಏನೋ ಒಂದು — ಹೋಗಲಿಲ್ಲ. ಆಮೇಲೂ ಹೋಗಲಿಲ್ಲ.

ಮಾಮಾ ಹೋದರು. ದೇವೇಂದ್ರಪ್ಪನವರನ್ನು ಆಸ್ಪತ್ರೆಯಿಂದ ಹೇಮಗುಡ್ಡದ ಆಚೆಯ ಅವರ ಊರಿಗೆ ಕರೆತಂದ ದಿನದಿಂದ ಪ್ರತಿ ಭಾನುವಾರ ಹೋದರು. ಗಂಗಾವತಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು, ಕ್ರಾಸಿನಲ್ಲಿ ಇಳಿದು ನಡಿಗೆ. ಮೊದಲ ಮೂರು ವಾರ ದೇವೇಂದ್ರಪ್ಪನವರ ಹೆಂಡತಿ ಲಕ್ಷ್ಮವ್ವ ಬಾಗಿಲಲ್ಲೇ ಬೈದು ಕಳಿಸಿದರಂತೆ. ನಾಲ್ಕನೆಯ ವಾರ ಬೈಯುತ್ತಲೇ ದಾರಿ ಬಿಟ್ಟರಂತೆ — ಗಂಡನನ್ನು ಎತ್ತಿ ಬಚ್ಚಲಿಗೆ ಒಯ್ಯಲು ಆಕೆಯೊಬ್ಬಳ ಕೈಲಿ ಆಗುತ್ತಿರಲಿಲ್ಲ. ಅಂದಿನಿಂದ ಭಾನುವಾರದ ಸ್ನಾನ ಮಾಮಾ ಮಾಡಿಸಿದರು. ಏಳು ವರ್ಷ. ಇದನ್ನೆಲ್ಲ ಅಕ್ಕ ನನಗೆ ಫೋನಿನಲ್ಲಿ ಹೇಳುತ್ತಿದ್ದಳು. ನಾನು "ಪಾಪ" ಎನ್ನುತ್ತಿದ್ದೆ.

ಈ ನಡುವೆ ಮಾಮಾ ಹರಿಗೋಲು ಹೆಣೆಯುವುದನ್ನು ಬಿಟ್ಟರು. ಬಾಳೆತೋಟದಲ್ಲಿ ಗೊನೆಗೆ ಆಸರೆಯ ಕೋಲು ಕಟ್ಟಲಿಕ್ಕೂ ಆಳು ಕರೆಯುತ್ತಾರೆ ಎಂದು ಅಕ್ಕ ಹೇಳಿದಳು. "ವಯಸ್ಸಾತು, ಕೈಯಾಗ ಶಕ್ತಿ ಇಲ್ಲೇನೋ," ಎಂದಳು. ನನಗೆ ಗೊತ್ತಿತ್ತು. ಭೂಮಿಯೂ ಮತ್ತೆ ಕಯಾಕಿನಲ್ಲಿ ಕೂರಲಿಲ್ಲ. ಹುಡುಗಿ ಹೆದರಿದ್ದಾಳೆ ಎಂದುಕೊಂಡೆ. ಅದು ಮಾತ್ರ ನನಗೆ ಗೊತ್ತಿರಲಿಲ್ಲ.

ಮೂರು ತಿಂಗಳ ಹಿಂದೆ ಅಕ್ಕನ ಮೊಮ್ಮಗುವಿಗೆ ಹೆಸರಿಡುವ ಕಾರ್ಯ ಇತ್ತು. ನಾವೆಲ್ಲ ಆನೆಗೊಂದಿಗೆ ಹೋಗಿದ್ದೆವು. ಮನೆ ತುಂಬ ಹೆಂಗಸರು, ಗುಗ್ಗರಿಯ ಪುಡಿಕೆಗಳು, ಕುಂಕುಮದ ಬಟ್ಟಲು. ಜಂತಿಗೆ ತೊಟ್ಟಿಲು ಕಟ್ಟಬೇಕಿತ್ತು. ಮಾಮಾನ ಮಗಳು ಅನಿತಾ, ಮಗುವನ್ನು ಎದೆಗವಚಿಕೊಂಡು, "ಅಪ್ಪಾ, ಬಾ, ನೀನ ಕಟ್ಟು. ನನ್ನ ತೊಟ್ಲಾನೂ ನೀನ ಕಟ್ಟಿದ್ದೆಲ್ಲ," ಎಂದಳು.

ಮಾಮಾ ಬಂದರು. ಹಗ್ಗ ಕೈಗೆ ತೆಗೆದುಕೊಂಡರು, ಜಂತಿಯ ಮೇಲೆ ಹಾಯಿಸಿದರು. ಅಲ್ಲಿಗೆ ಕೈ ನಿಂತಿತು. ಎಲ್ಲರೂ ನೋಡುತ್ತಿದ್ದರು. ಹಗ್ಗವನ್ನು ಮೆಲ್ಲಗೆ ಕೆಳಗಿಳಿಸಿ ತೊಟ್ಟಿಲೊಳಗೆ ಇಟ್ಟರು.

"ಬ್ಯಾರೇದವ್ರ ಕೈಲೆ ಕಟ್ಟಸವ್ವ. ನಾ ಕಟ್ಟಿದ್ದು ನಿಂದ್ರೂದಿಲ್ಲ."

ಅಷ್ಟು ಹೇಳಿ ಹಿತ್ತಲ ಬಾಗಿಲಿನಿಂದ ಹೊರಗೆ ಹೋದರು. ಅನಿತಾಳ ಗಂಡ ತೊಟ್ಟಿಲು ಕಟ್ಟಿದ. ಜೋಗುಳ ಶುರುವಾಯಿತು. ನಾನು ಗುಗ್ಗರಿ ತಿನ್ನುತ್ತ ಕುಳಿತಿದ್ದೆ. ಬಾಯಲ್ಲಿದ್ದುದನ್ನು ನುಂಗಿದೆನೋ ಇಲ್ಲವೋ, ನೆನಪಿಲ್ಲ.

ಭೂಮಿ ನನ್ನ ಭುಜ ಮುಟ್ಟಿ ಹೊರಗೆ ಕರೆದಳು. ಅವಳಿಗೆ ಈಗ ಇಪ್ಪತ್ತು. ಕಾರಿನ ಹತ್ತಿರ ನಿಂತು, ನನ್ನ ಕಣ್ಣಲ್ಲಿ ಕಣ್ಣಿಟ್ಟು ಕೇಳಿದಳು:

"ಅಪ್ಪಾ, ನೀ ಹೇಳ್ತಿಯೋ, ನಾ ಹೇಳ್ಲೋ?"

"ಏನು?" ಎಂದೆ. ಆಗಲೂ ಕೂಡ — ಏನು ಎಂದು ಕೇಳಿದೆ.

"ಮಿರ್ಚಿ ಅಂಗಡಿ ಮುಂದ ನಿಂತು ನಾ ನೋಡೇನಿ. ನೀ ಬಗ್ಗಿದ್ದು, ಜಗ್ಗಿದ್ದು. ಅವತ್ತ ಹೇಳ್ತಿ ಅಂತ ಕಾದೆ. ಆಮ್ಯಾಲೆ ಒಂದು ವಾರ ಕಾದೆ. ನಮ್ಮಪ್ಪ ಹೇಳ್ತಾನ, ಹೇಳೇ ಹೇಳ್ತಾನ ಅಂತ ವರ್ಷಾನಗಟ್ಟಲೆ ಕಾದೆ." ಅವಳ ದನಿ ಏರಲಿಲ್ಲ. "ಮಾಮಾ ನನಗ ಈಜು ಕಲಿಸಿದಾವ ಅಪ್ಪಾ. ಅವನ ಮುಂದ ನಿಂತಾಗೆಲ್ಲ ನಾನೂ ಕಳ್ಳಿ ಆಗೇನಿ. ನಿನ್ನ ಸಲುವಾಗಿ."

ಹದಿಮೂರು ವರ್ಷದ ಹುಡುಗಿಯ ಮೇಲೆ ನಾನು ಏನು ಹೊರಿಸಿದ್ದೆ ಎಂಬುದು ಆ ಹೊತ್ತಿನ ತನಕ ನನಗೆ ತಿಳಿದಿರಲಿಲ್ಲ. ನಾನು ಒಬ್ಬನೇ ಮುಚ್ಚಿಟ್ಟುಕೊಂಡಿದ್ದೇನೆ ಎಂದುಕೊಂಡಿದ್ದೆ.

ಮರುದಿನ ಬೆಳಿಗ್ಗೆ ಬಾಳೆತೋಟಕ್ಕೆ ಹೋದೆ. ಮಾಮಾ ಒಣಗಿದ ಎಲೆ ಕೊಯ್ಯುತ್ತಿದ್ದರು. ಹೇಗೆ ಶುರು ಮಾಡಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದೆಲ್ಲ ಮರೆಯಿತು. "ಮಾಮಾ, ಆ ಹಗ್ಗ ನಾ ಬಿಚ್ಚಿದ್ದು," ಎಂದೆ. ಎಲ್ಲಿ, ಯಾವಾಗ, ಯಾಕೆ — ಎಲ್ಲ ಹೇಳಿದೆ. ಕ್ಯಾರಿಯರಿನ ಬಗ್ಗೆ ಅಂಗಡಿಯವರು ಏನು ಎಚ್ಚರಿಸಿದ್ದರು ಎಂಬುದನ್ನೂ ಹೇಳಿದೆ.

ಅವರು ಕುಡುಗೋಲು ನಿಲ್ಲಿಸಲಿಲ್ಲ. ಇನ್ನೂ ನಾಲ್ಕೈದು ಎಲೆ ಕೊಯ್ದರು. ಆಮೇಲೆ ಕಾಲುವೆಯ ಬದುವಿನ ಮೇಲೆ ಕುಳಿತರು.

"ಏಳು ವರ್ಷ ಆ ಮನುಷ್ಯಾನ ಮಾರಿ ನೋಡಾಕ ಧೈರ್ಯ ಆಗಿಲ್ಲೋ ನನಗ," ಎಂದರು. "ಬೆನ್ನ ಅಷ್ಟ ನೋಡೇನಿ. ಬೆನ್ನಿನ ಮ್ಯಾಲಿನ ಗಾಯದ ಕಲಿ ಎಲ್ಲಾ ಗೊತ್ತದಾವ. ಕಣ್ಣು ಹೆಂಗದಾವ ಅಂದ್ರ ಹೇಳಾಕ ಬರೂದಿಲ್ಲ."

ನಾನು ಅವರ ಕಾಲು ಹಿಡಿಯಲು ಬಾಗಿದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು.

"ಬ್ಯಾಡ. ಅದೆಲ್ಲ ಬ್ಯಾಡ. ನಿಮ್ಮ ಅಕ್ಕಗ ಗೊತ್ತೈತೇನು?"

"ಇಲ್ಲ."

"ಹೇಳಬ್ಯಾಡ. ಆಕಿಗೆ ತವರುಮನಿ ಅಂತ ಉಳದಾವ ನೀ ಒಬ್ಬನ." ಕುಡುಗೋಲನ್ನು ಕಾಲುವೆಯ ನೀರಿಗೆ ಅದ್ದಿ ತೊಳೆದರು. "ಈ ಐತವಾರ ನಾ ಹೋಗೂದಿಲ್ಲ. ನೀ ಹೋಗು. ಜಳಕಾ ಮಾಡಸು. ಎಡಗೈ ಕಂಕುಳಾಗ ಹಾಕಿ ಎತ್ತಬೇಕು, ಬಲಗೈ ಮೊಣಕಾಲ ಕೆಳಗ. ನೀ ಹೇಳೂದನ್ನ ಅಲ್ಲಿ ಹೇಳು."

ಬೈಯಲಿಲ್ಲ. ಬೈದಿದ್ದರೆ ನಾನು ಸ್ವಲ್ಪ ಹಗುರಾಗುತ್ತಿದ್ದೆನೇನೋ. ಅವರಿಗೆ ಅದು ಗೊತ್ತಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಅಕ್ಕನಿಗೆ ಹೇಳಬೇಡ ಎಂದಿದ್ದರು. ಆದರೆ ಇನ್ನೊಂದು ಮುಚ್ಚಿಡುವ ಕೆಲಸಕ್ಕೆ ನನ್ನಲ್ಲಿ ಜಾಗವಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದೆ. ಅಕ್ಕ ರೊಟ್ಟಿ ತಟ್ಟುತ್ತಿದ್ದಳು. ಕೈಯಲ್ಲಿನ ಹಿಟ್ಟು ಒಣಗುವ ತನಕ ಹಾಗೇ ಕುಳಿತಿದ್ದಳು. ಕೊನೆಗೆ ಹೇಳಿದಳು: "ಉಂಡು ಹೋಗು ಅನ್ನಾಕ ಬಾಯಿ ಬರವಲ್ದೋ ತಮ್ಮಾ. ಹೋಗು." ಅಂದಿನಿಂದ ಅವಳ ಫೋನು ಬಂದಿಲ್ಲ. ಸುಜಾತಾಳಿಗೂ ಹೇಳಿದೆ. "ಸಪ್ಪಳ ನಿಂತಿತು ಅಂದಾಗ ನನಗ ತಿಳೀಬೇಕಿತ್ತು," ಎಂದು ಅವಳು ತನ್ನನ್ನೇ ಹಳಿದುಕೊಂಡಳು. ಅದೂ ನನ್ನದೇ ಪಾಪ.

ಭಾನುವಾರ ಬಂತು. ಬಸ್ಸಿನಲ್ಲೇ ಹೋದೆ. ದೇವೇಂದ್ರಪ್ಪ ಹೊರಗಿನ ಕಟ್ಟೆಯ ಮೇಲೆ, ಗೋಡೆಗೆ ಆನಿಸಿದ ದಿಂಬಿಗೆ ಒರಗಿ ಕುಳಿತಿದ್ದರು. ತಲೆ ಪೂರ್ತಿ ನರೆತಿತ್ತು. ನನ್ನ ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಮಾಸ್ತರ್ರ? ಹುಲುಗಪ್ಪಣ್ಣ ಯಾಕ ಬರಲಿಲ್ಲ? ಅರಾಮ ಅದಾರಿಲ್ಲ?"

"ಅರಾಮ ಅದಾರ್ರಿ. ಅವರ ಬದಲಿ ನಾ ಬಂದೀನಿ."

ಮಾಮಾ ಹೇಳಿದ ಹಾಗೆ ಎತ್ತಿದೆ. ಅವರು ನಾನು ಎಣಿಸಿದ್ದಕ್ಕಿಂತ ಹಗುರವಾಗಿದ್ದರು. ಬಚ್ಚಲಿನ ಕಲ್ಲಿನ ಮೇಲೆ ಕೂರಿಸಿದೆ. ಲಕ್ಷ್ಮವ್ವ ಬಿಸಿನೀರಿನ ಬಕೆಟ್ಟು ತಂದಿಟ್ಟು ಬಾಗಿಲ ಆಚೆ ನಿಂತರು. ತಂಬಿಗೆಯಲ್ಲಿ ನೀರು ತೋಡಿದೆ, ಆದರೆ ಹಾಕಲು ಕೈ ಬರಲಿಲ್ಲ. ಹೇಳದೆ ಆ ಮೈ ಮುಟ್ಟಬಾರದಿತ್ತು — ಆಗಲೇ ಮುಟ್ಟಿ ಎತ್ತಿ ತಂದಿದ್ದೆ. ತಂಬಿಗೆ ಕೆಳಗಿಟ್ಟು ಹೇಳಿದೆ. ಹಗ್ಗ ಬಿಚ್ಚಿದವನು ನಾನು. ಹುಲುಗಪ್ಪ ಮಾಮಾ ಕಟ್ಟಿದ ಗಂಟು ಬಿಚ್ಚಿಕೊಳ್ಳುವಂಥದ್ದಾಗಿರಲಿಲ್ಲ. ನಾನು ಬಿಚ್ಚದಿದ್ದರೆ ನಿಮ್ಮ ಕಾಲು ಇವತ್ತೂ ನಡೆಯುತ್ತಿದ್ದವು.

ಅವರು ನನ್ನ ಕಡೆ ತಿರುಗಲಿಲ್ಲ. ಎದುರಿನ ಗೋಡೆ ನೋಡುತ್ತ ಕುಳಿತರು.

"ನೀರು ಆರಾಕತ್ತಾವ," ಎಂದರು ಕೊನೆಗೆ. "ಹಾಕ್ರಿ."

ಹಾಕಿದೆ. ಬೆನ್ನು ತಿಕ್ಕಿದೆ, ಕಾಲು ತೊಳೆದೆ, ಒರೆಸಿದೆ, ಲುಂಗಿ ಸುತ್ತಿ ಮತ್ತೆ ಎತ್ತಿ ಕಟ್ಟೆಗೆ ತಂದು ಕೂರಿಸಿದೆ.

ಲಕ್ಷ್ಮವ್ವ ಹೊಸ್ತಿಲ ಮೇಲೆ ಕುಳಿತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಆಕೆ ನನ್ನ ಮೇಲೆ ಏರಿಬರುತ್ತಾರೆ ಎಂದು ಕಾದೆ. ಹಾಗೆ ಆಗಲೆಂದೇ ಕಾದೆ. ಆಕೆ ನನ್ನನ್ನು ನೋಡಲೂ ಇಲ್ಲ. ಗಂಡನ ಕಡೆ ತಿರುಗಿ ಹೇಳಿದರು:

"ಏಳು ವರ್ಷ ಬಂದಾನ ಆ ಹಿರಿ ಮನುಷ್ಯ. ಬಿಸಲಾಗ ನಡಕೊಂತ ಬಂದಾನ. ಒಂದಿನಾರ ಒಂದು ಕಪ್ಪು ಚಾ ಕೊಡಲಿಲ್ಲ ನಾನು. ಕೇಳ್ಯಾನ ಒಮ್ಮೆ, ಕುಡ್ಯಾಕ ನೀರು ಕೊಡವ್ವಾ ಅಂತ. ಹೊರಗ ನಳ ಐತಿ, ಅಲ್ಲಿ ಕುಡಿ ಅಂದೆ..."

ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಮರುದಿನವೇ ಆಕೆ ಬಸ್ಸು ಹತ್ತಿ ಆನೆಗೊಂದಿಗೆ ಹೋದರಂತೆ. ಅಲ್ಲಿ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಕೇಳುವ ಮುಖ ನನಗಿಲ್ಲ. ಮಾಮಾ ಈಗ ಆ ಮನೆಗೆ ಬೇಕೆಂದಾಗ ಹೋಗುತ್ತಾರೆ, ಬೇರೆ ದಿನ, ಅತಿಥಿಯಾಗಿ. ಭಾನುವಾರ ನನ್ನದು. ದೇವೇಂದ್ರಪ್ಪ ನನ್ನೊಂದಿಗೆ ಮಾತಾಡುವುದಿಲ್ಲ. ಎತ್ತುವಾಗ ನನ್ನ ಕೊರಳಿಗೆ ಕೈ ಹಾಕಬೇಕಾಗುತ್ತದೆ. ಹಾಕುತ್ತಾರೆ, ಮುಖ ಆಚೆ ತಿರುಗಿಸಿಕೊಂಡು. ಲಕ್ಷ್ಮವ್ವ ಬಕೆಟ್ಟು ಇಟ್ಟು ಒಳಗೆ ಹೋಗುತ್ತಾರೆ. ನನಗೆ ಆ ಮನೆಯಲ್ಲಿ ಯಾರೂ ಕೂರು ಎನ್ನುವುದಿಲ್ಲ. ಎನ್ನಬೇಕಾಗಿಯೂ ಇಲ್ಲ.

ನಾಳೆ ಭಾನುವಾರ. ಏಳರ ಬಸ್ಸಿಗೆ ಹೊರಡುತ್ತೇನೆ.